ಎಮ್ಮೆಯ ಪಾಲಿನ ಬಿಸಿನೀರು

ಕಣಕುಂಬಿ ಕಡೆಯ ಚಳಿ ಎಂದರೆ ಬೆಳಗಾವಿಯವರು ನಗುತ್ತಾರೆ. ನಮ್ಮಲ್ಲಿ ಇಲ್ಲದ ಚಳಿ ಅಲ್ಲೆಲ್ಲಿಂದ ಬಂತು ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ನೀರು ಗಡ್ಡೆಗಟ್ಟುವ ಚಳಿ ಅಲ್ಲ ಅದು, ಒಪ್ಪಿದೆ. ಆದರೆ ಎಳ್ಳಮವಾಸ್ಯೆ ಕಳೆದ ಮೇಲೆ ಒಂದು ಮುಂಜಾನೆ ಅಲ್ಲಿಯ ಹಿತ್ತಲಿಗೆ ಹೋಗಿ, ದನ ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ರಾತ್ರಿಯಿಡೀ ಇಬ್ಬನಿ ಕುಡಿದು ನಿಂತ ನೀರಿಗೆ ಕೈ ಅದ್ದಿ ನೋಡಬೇಕು. ಬೆರಳ ತುದಿಯಲ್ಲಿ ನೋವು ಹುಟ್ಟಿ ಮೊಣಕೈವರೆಗೆ ಏರುತ್ತದೆ. ಅಂಥ ನೀರಿನಲ್ಲಿ ಮನುಷ್ಯ ಮುಖ ತೊಳೆಯುವುದಿಲ್ಲ, ಎಮ್ಮೆ ಕುಡಿದೀತೇ? ಮೂಸುತ್ತದೆ, ಮೂಗಿನಿಂದ ಫುಸ್ಸೆಂದು ಗಾಳಿ ಬಿಡುತ್ತದೆ, ಮುಖ ತಿರುಗಿಸಿ ನಿಲ್ಲುತ್ತದೆ. ಎಮ್ಮೆ ಅಂದರೆ ಎಮ್ಮೆ, ಒಮ್ಮೆ ಒಲ್ಲೆ ಅಂದರೆ ಒಲ್ಲೆ. ಒಣಹುಲ್ಲು ಮಾತ್ರ ತಿನ್ನುತ್ತಲೇ ಇರುತ್ತದೆ. ನೀರಿಲ್ಲದೆ ತಿಂದ ಹುಲ್ಲು ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಆ ಕಡೆಯ ಹೆಂಗಸರು ಚಳಿಗಾಲದಲ್ಲಿ ದನಕ್ಕೆ ನೀರು ಕಾಸಿ ಬೆರೆಸಿ ಕುಡಿಸುತ್ತಾರೆ. ಗಬ್ಬದ ಎಮ್ಮೆಯಾದರಂತೂ ತಪ್ಪಿಸುವಂತೆಯೇ ಇಲ್ಲ.

ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದು ಬಹಳ ದಿನ ನನಗೇ ನಾನು ಹೇಳಿಕೊಂಡೆ. ಸುಳ್ಳು. ನಾನು ಪಾರಿಶ್ವಾಡದಲ್ಲಿ ಎಮ್ಮೆಗಳ ನಡುವೆಯೇ ಬೆಳೆದವನು. ಈಗ ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ, ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ, ಹಾಲು ಪಾಕೀಟಿನಲ್ಲಿ ಬರುತ್ತದೆ. ಹಾಗೆಂದು ಕಲಿತದ್ದು ಮರೆತುಹೋಗುತ್ತದೆಯೇ?

ಅಕ್ಕನನ್ನು ಕೊಟ್ಟದ್ದು ಕಣಕುಂಬಿಯ ಹತ್ತಿರದ ಒಂದು ಸಣ್ಣ ವಾಡಿಗೆ. ಹತ್ತಿಪ್ಪತ್ತು ಮನೆ, ಸುತ್ತ ಕಾಡು. ಮನೆಯಲ್ಲಿ ಅಕ್ಕ, ಅವಳ ಮಗಳು, ಅವಳ ಅತ್ತೆ. ಅಕ್ಕನ ಗಂಡ ಗೋವಾದಲ್ಲಿ ಕೆಲಸಕ್ಕಿದ್ದಾನೆ, ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾನೆ. ಅತ್ತೆಯನ್ನು ವಾಡಿಯೆಲ್ಲ ಆಯಿ ಅನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಆಯಿ ಮರಾಠಿಯಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುವವಳು. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ.

ಆ ಮನೆಯ ಎಮ್ಮೆ ನಮ್ಮ ಮನೆಯದು. ಅಕ್ಕ ಬಾಣಂತನ ಮುಗಿಸಿಕೊಂಡು ಪಾರಿಶ್ವಾಡದಿಂದ ಗಂಡನ ಮನೆಗೆ ಹೊರಟಾಗ ಅಪ್ಪ ತನ್ನ ಕೊಟ್ಟಿಗೆಯಿಂದ ಒಂದು ಹೆಣ್ಣುಗರುವನ್ನು ಆರಿಸಿ ಟೆಂಪೋ ಹತ್ತಿಸಿದ್ದ. "ಕೂಸು ದೊಡ್ಡದಾಗೂದ್ರಾಗ ಇದೂ ದೊಡ್ಡದಾಗ್ತೈತಿ. ನನ್ನ ಮೊಮ್ಮಗಳು ಹಾಲಿಗೆ ಮಂದಿ ಮನಿಗೆ ಹೋಗಬಾರದು" ಅಂದಿದ್ದ. ಕೂಸು ದೊಡ್ಡದಾಯಿತು, ಸಾಲಿಗೂ ಹೋಗತೊಡಗಿತು. ಎಮ್ಮೆಯೂ ದೊಡ್ಡದಾಯಿತು, ಆದರೆ ಗಬ್ಬ ನಿಲ್ಲಲಿಲ್ಲ. ಎರಡು ಸಲ ಪ್ರಯತ್ನ ಮಾಡಿದರೂ ನಿಲ್ಲಲಿಲ್ಲ. ಮೊಮ್ಮಗಳಿಗೆ ಬೇಕಾದ ಹಾಲನ್ನು ಅಕ್ಕ ಮಂದಿಯ ಮನೆಯಿಂದಲೇ ತರುತ್ತಿದ್ದಳು. ಆಯಿ ಸುಮ್ಮನಿರುತ್ತಾಳೆಯೇ? "ನಿಮ್ಮಪ್ಪ ಎಮ್ಮಿ ಕೊಟ್ಟಾನೋ, ಹುಲ್ಲು ತಿನ್ನೂ ದೆವ್ವಾ ಕೊಟ್ಟಾನೋ?" ಎಂದು ಎದ್ದಾಗೊಮ್ಮೆ ಕೂತಾಗೊಮ್ಮೆ ಚುಚ್ಚುತ್ತಿದ್ದಳು. ಕಡೆಗೆ ಒಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟಳು: ಈ ಮಾಗಿಯೊಳಗೆ ಈಯದಿದ್ದರೆ ಕಣ್ಣಿ ಬಿಚ್ಚಿ ಯಾರಿಗಾದರೂ ಹೊಡೆದು ಕಳಿಸುವುದೇ.

ಆ ಸಲ ಗಬ್ಬ ನಿಂತಿತು. ಅಕ್ಕ ನನ್ನ ಕಚೇರಿಗೇ ಫೋನು ಹಚ್ಚಿ, "ತಮ್ಮಾ, ನಮ್ಮ ಎಮ್ಮಿ ನಿಂತೈತೋ!" ಎಂದು ಕೂಗಿದ್ದಳು. ತಾನೇ ಬಸುರಾದಾಗಲೂ ಅಷ್ಟು ಜೋರಾಗಿ ಹೇಳಿರಲಿಲ್ಲ. ಆ ಎಮ್ಮೆ ಈದರೆ ಅಕ್ಕ ಆ ಮನೆಯಲ್ಲಿ ತಲೆ ಎತ್ತಿ ಓಡಾಡುತ್ತಿದ್ದಳು. ವಿಷಯ ಇಷ್ಟೇ, ಆದರೆ ಅವಳಿಗೆ ಅದು ಸಣ್ಣದಲ್ಲ.

ಆ ಚಳಿಗಾಲದಲ್ಲೇ ನನಗೆ ಟೈಫಾಯಿಡ್ ಆಯಿತು. ಎದ್ದು ಕೂತೆ, ಆದರೆ ಮೈಯಲ್ಲಿ ಬಲವಿಲ್ಲ. ಡಾಕ್ಟರು ವಿಶ್ರಾಂತಿ ಬರೆದುಕೊಟ್ಟರು, ತಣ್ಣೀರು ಮುಟ್ಟಬೇಡಿ ಅಂದರು. ನೋಡಲು ಬಂದ ಅಕ್ಕ ನನ್ನ ಹೆಂಡತಿಗೆ, "ನಿನಗ ಕೆಲಸಕ್ಕ ಹೋಗೂದೈತಿ, ಇವನ್ನ ಯಾರ ನೋಡ್ತಾರ? ಹತ್ತು ದಿನಾ ನಮ್ಮಲ್ಲಿಗೆ ಕರಕೊಂಡು ಹೋಗ್ತೇನಿ. ಬಿಸಿ ನೀರು, ಬಿಸಿ ಗಂಜಿ, ಹೆಂಗ ಗುಂಡಕಲ್ಲ ಆಗಿ ಬರ್ತಾನ ನೋಡು" ಎಂದು ಹೇಳಿ ನನ್ನನ್ನು ಖಾನಾಪುರದ ಮೇಲೆ ಹಾಯುವ ಬಸ್ಸು ಹತ್ತಿಸಿಕೊಂಡು ಹೋದಳು.

ಖರೇ ಹೇಳುತ್ತೇನೆ, ನನ್ನ ಜೀವನದಲ್ಲಿ ಅಂಥ ಜಳಕ ನಾನು ಮಾಡಿಲ್ಲ. ಮಹಾಂತೇಶ ನಗರದಲ್ಲಿ ನಮ್ಮ ಮನೆಯ ನಳಕ್ಕೆ ನೀರು ಬರುವುದು ಅದಕ್ಕೆ ಮನಸ್ಸು ಬಂದ ದಿನ. ಗೀಝರಿನಿಂದ ಒಂದು ಬಕೆಟ್ಟು ತುಂಬುವುದರೊಳಗೆ ಹೆಂಡತಿ ಬಾಗಿಲು ಬಡಿಯುತ್ತಾಳೆ. ಇಲ್ಲಿ ಬಚ್ಚಲಲ್ಲಿ ಹೂತ ದೊಡ್ಡ ತಾಮ್ರದ ಹಂಡೆ, ಕೆಳಗೆ ಕಟ್ಟಿಗೆಯ ಉರಿ, ಹೊಗೆಯ ವಾಸನೆ ಹತ್ತಿದ ಸುಡುಸುಡು ನೀರು. ಮೊದಲ ದಿನ ಎರಡು ಬಕೆಟ್ಟು ಸುರಿದುಕೊಂಡೆ. ಮೈಯೊಳಗಿನ ಜ್ವರದ ಎಲುಬೆಲ್ಲ ಸಡಿಲಾದಂತಾಯಿತು. ಎರಡನೆಯ ದಿನದಿಂದ ನಾಲ್ಕು ಬಕೆಟ್ಟು.

ಹಂಡೆಯಿರುವ ಮನೆಗಳಲ್ಲಿ ಒಂದು ರಿವಾಜು ಇದೆ. ಬಿಸಿನೀರು ತೆಗೆದವನು ತೆಗೆದಷ್ಟು ತಣ್ಣೀರನ್ನು ಮತ್ತೆ ಹಂಡೆಗೆ ಸುರಿಯಬೇಕು. ಮುಂದಿನವರಿಗೆ ಕಾಯುತ್ತಿರಲಿ ಎಂದು. ನಮ್ಮ ಅವ್ವ ನಮಗೆ ಕಿವಿ ಹಿಂಡಿ ಕಲಿಸಿದ ಶಿಸ್ತು ಅದು. ನಾನು ಬೀಗರ ಮನೆಯಲ್ಲಿ ಮರ್ಯಾದಸ್ಥ. ಜಳಕ ಮುಗಿಯುತ್ತಲೂ ನಾಲ್ಕು ಬಕೆಟ್ಟು ತಣ್ಣೀರು ಎತ್ತಿ ಹಂಡೆ ಗಂಟಲಮಟ ತುಂಬಿಸಿ, ಮುಚ್ಚಳ ಮುಚ್ಚಿ, ಮೈ ಒರೆಸಿಕೊಂಡು, ಸಾಲಿ ಹುಡುಗನ ಹಾಗೆ ನೀಟಾಗಿ ಹೊರಗೆ ಬರುತ್ತಿದ್ದೆ. ಮಂದಿಗೆ ಕಾಣುವ ಶಿಸ್ತಿನಲ್ಲಿ ನಾನು ಎಂದೂ ಕಡಿಮೆ ಬಿದ್ದವನಲ್ಲ.

ಅಕ್ಕನ ಕ್ರಮ ಹೀಗಿತ್ತು. ಸಂಜೆ ದೋಣಿಯ ನೀರೆಲ್ಲ ಚೆಲ್ಲಿ ಬರಿದು ಮಾಡುವುದು, ಮೇಲೆ ಹಲಗೆ ಇಟ್ಟು ಗೋಣಿತಾಟು ಹೊದಿಸುವುದು. ಕಲ್ಲು ತಣ್ಣಗಾದರೆ ನೀರನ್ನೂ ತಣ್ಣಗೆ ಮಾಡುತ್ತದೆಯಂತೆ. ನಸುಕಿನಲ್ಲಿ ಎದ್ದು ಹಂಡೆಗೆ ಉರಿ ಹಚ್ಚುವುದು. ಕಟ್ಟಿಗೆ ದಿನಕ್ಕೆ ಒಂದು ಹೊರೆ, ಅಷ್ಟೇ; ಮಳೆಗಾಲ ಮುಗಿದಾಗ ಕೂಡಿಟ್ಟದ್ದು ಬೇಸಿಗೆತನಕ ಬರಬೇಕು. ಎಮ್ಮೆ ಎದ್ದ ಕೂಡಲೇ ಕುಡಿಯುವುದಿಲ್ಲ, ಹುಲ್ಲು ತಿಂದು ಮುಗಿಸಿ ಎಂಟರ ಹೊತ್ತಿಗೆ ಕುಡಿಯುತ್ತದೆ. ಆಗ ಅಕ್ಕ ಹಂಡೆಯಿಂದ ಎರಡು ಕೊಡ ಬಿಸಿನೀರು ತಂದು, ಟಾಕಿಯ ಎರಡು ಕೊಡ ತಣ್ಣೀರಿಗೆ ಬೆರೆಸಿ, ಒಂದು ಹಿಡಿ ತೌಡು, ಒಂದು ಚಿಟಿಕೆ ಉಪ್ಪು ಹಾಕಿ, ಕೂಸಿಗೆ ಎರೆಯುವಾಗ ನೋಡುವ ಹಾಗೆ ಮೊಣಕೈ ಅದ್ದಿ ನೋಡುತ್ತಿದ್ದಳು. ಮನೆಯವರ ಜಳಕ ಎಮ್ಮೆಯದಾದ ಮೇಲೆ.

ನನ್ನ ಜಳಕ ಮಾತ್ರ ಏಳೂವರೆಗೆ. ಪಾವಣ್ಯಾರು, ಮನೆಗೆ ಬಂದ ನೆಂಟರು ನೋಡಿ! ಹೆಣ್ಣು ಕೊಟ್ಟ ಮನೆಯ ಗಂಡಸು, ಅದರಲ್ಲೂ ಜಡ್ಡಿನಿಂದ ಎದ್ದವನು. ಅವನನ್ನು ಎಮ್ಮೆಯ ಹಿಂದೆ ನಿಲ್ಲಿಸುತ್ತಾರೆಯೇ? "ನೀ ಮೊದಲ ಮಾಡು, ಹಂಡೆ ದೊಡ್ಡದೈತಿ" ಎಂದು ಅಕ್ಕನೇ ಕಳಿಸುತ್ತಿದ್ದಳು. ಒಬ್ಬ ಮನುಷ್ಯ ಎಷ್ಟು ನೀರು ಸುರಿದುಕೊಂಡಾನು, ಒಂದು ಬಕೆಟ್ಟು, ಬಹಳವೆಂದರೆ ಒಂದೂವರೆ ಎಂದು ಅವಳ ಎಣಿಕೆ. ಎಂಟಕ್ಕೆ ಅವಳು ಬಂದು ಮುಚ್ಚಳ ತೆಗೆದರೆ ಹಂಡೆ ತುಂಬಿದೆ. ಕೈ ಅದ್ದಿದರೆ ನೀರು ಉಗುರುಬೆಚ್ಚಗೂ ಇಲ್ಲ. ನಸುಕಿನಿಂದ ತಣ್ಣೀರಿನಲ್ಲಿ ಪಾತ್ರೆ ತೊಳೆದು ಮರಗಟ್ಟಿದ ಅವಳ ಕೈಗೆ, ಮೊಣಕೈಗೂ, ಮೊದಲ ದಿನ ಅದು ಗೊತ್ತೂ ಆಗಲಿಲ್ಲ. ಗೊತ್ತಾದದ್ದು ಎಮ್ಮೆಗೆ. ಮೂಸಿ, ಫುಸ್ಸೆಂದು, ಮುಖ ತಿರುಗಿಸಿತು.

ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಅಕ್ಕ ಮತ್ತೆ ನೀರು ಇಟ್ಟಳು. ಎರಡು ಗುಟುಕು ಕುಡಿದಂತೆ ಮಾಡಿ ಬಿಟ್ಟಿತು. ಅಡಿಗೆಮನೆಯ ಒಲೆಯಲ್ಲಿ ಒಂದು ಬೋಗುಣಿ ಕಾಸಿ ತೌಡು ಕಲೆಸಿ ಮುಂದೆ ಹಿಡಿದಳು. ಅಷ್ಟನ್ನು ನೆಕ್ಕಿತು. ಆ ದೊಡ್ಡ ಹೊಟ್ಟೆಗೆ ಒಂದು ಬೋಗುಣಿ ಎಲ್ಲಿಗೆ ಸಾಕು? ಮರುದಿನವೂ ಅದರ ಮರುದಿನವೂ ಇದೇ ಕತೆ; ಹಂಡೆಯನ್ನು ಮತ್ತೆ ಕಾಸಲು ಆ ದಿನದ ಕಟ್ಟಿಗೆ ಮುಗಿದಿರುತ್ತಿತ್ತು.

ಇದೆಲ್ಲ ನಡೆಯುತ್ತಿದ್ದಾಗ ನಾನು ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಗಂಜಿ ಕುಡಿಯುತ್ತ ಫೋನು ನೋಡುತ್ತಿದ್ದೆ.

ನಾಲ್ಕನೆಯ ದಿನ ನಾನು ಬಚ್ಚಲಲ್ಲಿದ್ದೆ. ಮೂರನೆಯ ಬಕೆಟ್ಟು ನಡೆದಿತ್ತು. ಬಚ್ಚಲಿನ ಗೋಡೆಗೆ ಹತ್ತಿಕೊಂಡೇ ಹೊರಗೆ ಒಂದು ಕಟ್ಟೆ ಇದೆ, ಆಯಿ ಮುಂಜಾನೆ ಅಲ್ಲಿ ಕೂತು ಬಿಸಿಲು ಕಾಸುತ್ತಾಳೆ. ಅಂದು ಬಿಸಿಲು ಇನ್ನೂ ಬಿದ್ದಿರಲಿಲ್ಲ, ಆಯಿ ಮಾತ್ರ ಬಂದು ಕೂತಿದ್ದಳು. ದನಿ ಶುರುವಾಯಿತು.

"ಹಂಡೆ ತುಂಬೈತಿ, ಹಂಡೆ ತುಂಬೈತಿ ಅಂತಿ. ತುಂಬಿದ ಹಂಡೇಕ ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡ್ಲೇನ? ನೀರು ಕಾದಿರಬೇಕಲ್ಲ! ನಿನ್ನಿ ನೀರಾಗ ಮೀನು ಬಿಟ್ಟಿದ್ರ ಈಜಾಡತಿದ್ವು."

"ಕಟಿಗಿ ಹಸೀ ಇದ್ವು ಕಾಣಸ್ತೈತಿ ಅತ್ತಿ. ನಾಳೆ ಇನ್ನಷ್ಟು ಲಗೂನ ಎದ್ದು ಹಚ್ಚತೇನಿ" ಎಂದಳು ಅಕ್ಕ.

"ಕಟಿಗಿ ಹಸೀ ಇರೂದಿಲ್ಲವ್ವಾ, ಮಂದಿ ಬುದ್ಧಿ ಹಸೀ ಇರ್ತೈತಿ. ಗಬ್ಬದ ಪ್ರಾಣಿ ಮೂರ ದಿನಾ ಆತು ಬಾಯಿ ತುಂಬ ನೀರು ಕುಡದಿಲ್ಲ. ಯಾರಿಗರೆ ಖಬರ ಐತೇನ? ಅವರವರ ಮೈ ಬೆಚ್ಚಗಾದ್ರ ಆತು!"

ತಂಬಿಗೆ ನನ್ನ ಕೈಯಲ್ಲೇ ನಿಂತಿತು. ಅವರವರ ಮೈ ಬೆಚ್ಚಗಾದರೆ ಆಯಿತು ಅಂತೆ. ಅಕ್ಕ ಅಂದು ಇನ್ನೂ ಜಳಕವನ್ನೇ ಮಾಡಿರಲಿಲ್ಲ. ಆಯಿಯೂ ಮಾಡಿರಲಿಲ್ಲ. ಆ ಮನೆಯಲ್ಲಿ ಬೆಚ್ಚಗಾದ ಮೈ ಒಂದೇ ಇತ್ತು, ಅದು ಬಚ್ಚಲಿನ ಕಲ್ಲಿನ ಮೇಲೆ ಕೂತು ಹಬೆಯಾಡುತ್ತಿತ್ತು.

ನಮ್ಮ ಕಡೆ ಮರಾಠಿಯವರದೊಂದು ಗಾದೆ ಎಲ್ಲರ ಬಾಯಲ್ಲೂ ಓಡಾಡುತ್ತದೆ: ಲೇಕಿ ಬೋಲೆ, ಸುನೆ ಲಾಗೆ. ಮಗಳಿಗೆ ಅಂದ ಮಾತು ಸೊಸೆಗೆ ತಟ್ಟಬೇಕು ಎಂದು ಅರ್ಥ. ಯಾರಿಗೆ ನೇರವಾಗಿ ಹೇಳಲು ಬರುವುದಿಲ್ಲವೋ ಅವರ ಕಿವಿಗೆ ಬೀಳುವ ಹಾಗೆ ಇನ್ನೊಬ್ಬರನ್ನು ಬೈಯುವುದು. ಪಾವಣ್ಯಾನಿಗೆ, 'ಅಪ್ಪಾ, ನೀರು ಕಡಿಮೆ ಸುರಿದುಕೋ' ಅನ್ನಲು ಯಾವ ಮನೆಯ ಹಿರಿಯಳಿಗೆ ಬಾಯಿ ಬಂದೀತು? ಅದಕ್ಕೇ ಆಯಿ ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟು ಕೂತು ಸೊಸೆಗೆ ಬೈಯುತ್ತಿದ್ದಳು. ಬಕೆಟ್ಟಿನ ಸದ್ದನ್ನು ಒಂದೊಂದಾಗಿ ಕೇಳಿಸಿಕೊಂಡವಳು ಅವಳು. ಬೆಳಗಾವಿಯಲ್ಲಿ ಇಷ್ಟು ವರ್ಷ ಬಾಳಿದವನಿಗೆ ಇದು ತಿಳಿಯುವುದಿಲ್ಲವೇ? ತಿಳಿಯಿತು. ತಕ್ಷಣ ತಿಳಿಯಿತು.

ಆಗ ನಾನು ಮಾಡಬೇಕಾದದ್ದು ಅರ್ಧ ನಿಮಿಷದ ಕೆಲಸ. ಪಂಜೆ ಸುತ್ತಿಕೊಂಡು ಹೊರಗೆ ಬಂದು, "ಆಯಿ, ಅಕಿಗೆ ಬೈಬ್ಯಾಡ್ರಿ, ನೀರು ಖಾಲಿ ಮಾಡಿದಾಂವ ನಾನು" ಅನ್ನಬೇಕಿತ್ತು. ಆಯಿಯೇ ನಾಚಿಕೊಂಡು "ಛೇ ಛೇ, ನಿಮಗಲ್ರೀ ಪಾವಣ್ಯಾರ" ಅನ್ನುತ್ತಿದ್ದಳು. ಅಕ್ಕ ನಕ್ಕು ತಲೆಗೊಂದು ಮೊಟಕುತ್ತಿದ್ದಳು. ಮರುದಿನ ಎಮ್ಮೆ ನೀರು ಕುಡಿಯುತ್ತಿತ್ತು.

ನಾನು ಮಾಡಿದ್ದೇನೆಂದರೆ, ಸದ್ದಾಗದ ಹಾಗೆ ನಾಲ್ಕನೆಯ ಬಕೆಟ್ಟು ತುಂಬಿಕೊಂಡೆ. ತಂಬಿಗೆಯಿಂದ ಮೆಲ್ಲಗೆ, ಗೋಡೆಯಾಚೆಗೆ ಕೇಳದಂತೆ ಮೈಮೇಲೆ ಬಿಟ್ಟುಕೊಂಡೆ. ಆಮೇಲೆ ಹಂಡೆಗೆ ತಣ್ಣೀರು ತುಂಬಿಸಿದೆ. ಥೂ ನನ್ನ ಜನ್ಮಕ್ಕೆ!

ಯಾಕೆ ಹಾಗೆ ಮಾಡಿದೆ ಎಂದು ಕೇಳಿಕೊಂಡರೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ನಾಚಿಕೆ, ಅಷ್ಟೇ. ತವರುಮನೆಯ ಗಂಡಸು ಬೀಗರ ಮನೆಯ ಎಮ್ಮೆಯ ಪಾಲಿನ ನೀರು ಸುರಿದುಕೊಂಡ ಎಂದು ಆಯಿ ವಾಡಿ ತುಂಬ ಆಡಿಕೊಂಡಾಳು ಎಂಬ ಭಯ. ಜತೆಗೆ ಇನ್ನೊಂದು, ಹೇಳಲು ಹೇಸಿಗೆ: ಆ ಬಿಸಿನೀರು ಬಿಡಲು ಮನಸ್ಸಿರಲಿಲ್ಲ. ಜಡ್ಡಿನ ಮೈ, ಡಾಕ್ಟರು ಹೇಳಿದ್ದಾರೆ, ಒಂದೆರಡು ದಿನ ನೀರು ಕಡಿಮೆಯಾದರೆ ಎಮ್ಮೆ ಸಾಯುತ್ತದೆಯೇ ಎಂದು ಲೆಕ್ಕ ಹಾಕಿದೆ. ಐದನೆಯ ದಿನ ನಾಲ್ಕರ ಬದಲು ಮೂರೇ ಬಕೆಟ್ಟು ಸುರಿದುಕೊಂಡೆ. ಅದನ್ನೇ ದೊಡ್ಡ ತ್ಯಾಗ ಎಂದುಕೊಂಡೆ. ಹೇಳಿದ ಹಾಗೆ ಅಕ್ಕ ಇನ್ನೂ ಬೇಗ ಎದ್ದು ಇನ್ನೂ ಕಟ್ಟಿಗೆ ಒಟ್ಟಿದ್ದಳು. ಹಂಡೆಯ ನೀರು ಕುದಿಯುತ್ತಿತ್ತು. ಅಂದಿನ ಜಳಕ ಹಿಂದಿನವುಗಳಿಗಿಂತ ಹಿತವಾಗಿತ್ತು. ಅದೂ ನೆನಪಿದೆ ನನಗೆ.

ಏಳನೆಯ ದಿನ ಎಮ್ಮೆ ಹುಲ್ಲು ಬಿಟ್ಟಿತು. ಮೆಲುಕು ನಿಂತಿತು. ಹಾಕಿದ ಸೆಗಣಿ ಗಟ್ಟಿ ಬೆರಣಿಯಂತೆ. ಹೊಟ್ಟೆ ಮುಟ್ಟಿದರೆ ಕಲ್ಲು. ಅಕ್ಕ ಅದರ ಮುಂದೆ ಕೂತು, "ಏನವ್ವಾ, ಏನಾತು ನಿನಗ, ಕುಡಿ ಸ್ವಲ್ಪ, ನಿನ್ನ ಕಾಲ ಬೀಳ್ತೇನಿ" ಎಂದು ಬೋಗುಣಿ ಹಿಡಿದು ಗೋಗರೆಯುತ್ತಿದ್ದಳು. ಮಧ್ಯಾಹ್ನ ಖಾನಾಪುರದಿಂದ ದನದ ಡಾಕ್ಟರು ಮೋಟಾರ್ ಸೈಕಲ್ಲಿನ ಮೇಲೆ ಬಂದರು. ಹೊಟ್ಟೆಗೆ ಕಿವಿ ಹಚ್ಚಿ ಕೇಳಿ, ಎಣ್ಣೆ ಕುಡಿಸಿ, ಇಂಜೆಕ್ಷನ್ ಕೊಟ್ಟರು. ನಾನು ಎಮ್ಮೆಯ ಹಗ್ಗ ಹಿಡಿದು ನಿಂತಿದ್ದೆ.

"ನೀರು ಯಾರು ಕುಡಸ್ತೀರಿ?" ಎಂದು ಡಾಕ್ಟರು ಕೇಳಿದರು.

"ನಾನ್ರೀ" ಎಂದಳು ಅಕ್ಕ.

"ತಣ್ಣೀರ ಇಟ್ಟೀರೇನು ಈ ಚಳ್ಯಾಗ? ನೀರು ಕುಡೀದ ಹುಲ್ಲು ಬಿಗದೈತಿ ನೋಡ್ರಿ."

"ಕಾಸಿ ಇಡತೇನ್ರಿ. ಈ ವಾರ ಯಾಕೋ ಸರೀಗೆ ಕಾದಿಲ್ಲ ಕಾಣಸ್ತೈತ್ರಿ. ನನ್ನ ಲಕ್ಷ್ಯ ತಪ್ಪೇತ್ರಿ."

ಆಯಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖವನ್ನೇ ನೋಡಿದಳು. ನಾನು ಹಗ್ಗವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

ಎಮ್ಮೆಯ ಹೊಟ್ಟೆ ಸಡಿಲಾಯಿತು. ಅದು ಬದುಕಿತು. ಆದರೆ ಡಾಕ್ಟರು ಬಂದುಹೋದ ಎರಡನೆಯ ದಿನ ಮಧ್ಯಾಹ್ನ, ತಿಂಗಳು ತುಂಬುವ ಮೊದಲೇ ಈದಿತು. ಕರು ಹೆಣ್ಣು. ಹುಟ್ಟುವಾಗಲೇ ಉಸಿರಿರಲಿಲ್ಲ. ಅಕ್ಕ ಅದರ ಮೂಗಿನ ಲೋಳೆ ತೆಗೆದು ಬಾಯಿಗೆ ಊದಿದಳು, ಎದೆ ತಿಕ್ಕಿದಳು, ಹಿಂಗಾಲು ಹಿಡಿದು ಎತ್ತಿ ಜಾಡಿಸಿದಳು. ಆಯಿಯೇ ಕಡೆಗೆ, "ಸಾಕು ಬಿಡವ್ವಾ, ಹೋಗೇತಿ ಅದು" ಎಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಎಮ್ಮೆ ಸತ್ತ ಕರುವನ್ನು ಇಡೀ ಮಧ್ಯಾಹ್ನ ನೆಕ್ಕುತ್ತಲೇ ಇತ್ತು.

ಡಾಕ್ಟರಿಗೆ ಫೋನು ಮಾಡಿದವನು ನಾನೇ. ನೀರಿನಿಂದಲೇ ಹೀಗಾಯಿತೇ ಎಂದು ಕೇಳಿದೆ. "ಹಿಂಗಾ ಅಂತ ಹೇಳಾಕ ಬರೂದಿಲ್ರಿ, ನೂರು ಕಾರಣ ಇರ್ತಾವು" ಅಂದರು ಅವರು. ಆ ನೂರು ಕಾರಣಗಳನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವುಗಳಲ್ಲಿ ತೊಂಬತ್ತೊಂಬತ್ತು ನನ್ನವಲ್ಲ ಎಂದು ಸಮಾಧಾನ.

ಮರುದಿನ ರಜೆ ಮುಗಿಯಿತೆಂದು ಹೇಳಿ ಹೊರಟೆ. ಇನ್ನೂ ಮೂರು ದಿನ ರಜೆಯಿತ್ತು. ಅಕ್ಕ ರಸ್ತೆಯತನಕ ಕಳಿಸಲು ಬಂದು, ಸಾರಿನ ಹುಳಿಗೆಂದು ಒಣಗಿಸಿದ ಮುರುಗಲ ಸಿಪ್ಪೆಯ ಗಂಟೊಂದನ್ನು ಚೀಲಕ್ಕೆ ತುರುಕಿ, "ನೀ ಬಂದಾಗ ಹಿಂಗ ಆತು ನೋಡು. ಛಂದಂಗ ನೋಡ್ಕೊಳ್ಳಾಕ ಆಗಲಿಲ್ಲ ನಿನ್ನ. ಬ್ಯಾಸರ ಮಾಡ್ಕೋಬ್ಯಾಡೋ" ಅಂದಳು. ನಾನು ಹೂಂ ಅಂದೆ. ಬಸ್ಸು ಹತ್ತಿದ ಮೇಲೆ ನನಗೆ ಅಳು ಬಂತು, ಬಾಜೂಕ ಕೂತವರು ನೋಡುತ್ತಾರೆಂದು ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡೆ.

ಕರುವಿಲ್ಲದ ಎಮ್ಮೆ ಹಾಲು ಇಳಿಸಲಿಲ್ಲ. ಶಿವರಾತ್ರಿಯ ಹೊತ್ತಿಗೆ ಆಯಿ ಹೇಳಿದ ಹಾಗೇ ಕಣ್ಣಿ ಬಿಚ್ಚಿದರು. ಯಾರು ಒಯ್ದರೆಂದು ನಾನು ಕೇಳಲಿಲ್ಲ.

ಅದೇ ಬೇಸಿಗೆಯಲ್ಲಿ ಅಪ್ಪನನ್ನು ಪಾರಿಶ್ವಾಡದಿಂದ ಬೆಳಗಾವಿಗೆ ಕರೆತಂದು ನಮ್ಮ ಮನೆಯಲ್ಲಿ ಇಟ್ಟುಕೊಂಡೆವು. ಎದೆಯ ಜಡ್ಡು, ಆಸ್ಪತ್ರೆಗೆ ಹೋಗಿ ಬಂದು ಮಾಡಬೇಕಿತ್ತು. ಎಮ್ಮೆಯ ಸುದ್ದಿಯನ್ನು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಒಂದು ದಿನ ತಾನಾಗಿಯೇ, "ಆಕಿ ಎಮ್ಮಿ ಈದೈತೇನೋ? ಫೋನ್ ಹಚ್ಚು, ಕೇಳೂಣು" ಅಂದ. ಹಚ್ಚಿದೆ. ಅಪ್ಪನಿಗೆ ಕೈ ನಡುಗುತ್ತಿತ್ತು, ಫೋನನ್ನು ನಾನೇ ಅವನ ಬಾಯಿಯ ಹತ್ತಿರ ಹಿಡಿದೆ. ಮಾತೆಲ್ಲ ಹೊರಗೆ ಕೇಳುವ ಹಾಗೆ ಇಟ್ಟಿದ್ದೆ.

ಅಕ್ಕ ನಡೆದದ್ದನ್ನು ಹೇಳಿದಳು. ಹಂಡೆ ಸರಿಯಾಗಿ ಕಾದಿರಲಿಲ್ಲ, ಹಸಿ ಕಟ್ಟಿಗೆ ಎಂದು ತಿಳಿದೆ, ನನ್ನ ಲಕ್ಷ್ಯ ತಪ್ಪಿತು ಎಂದಳು. ಅಪ್ಪ ಫೋನಿನ ಹತ್ತಿರಕ್ಕೆ ಬಾಗಿದ.

"ಏಳ ವರ್ಷದಾಕಿ ಇದ್ದಾಗ ನಿನ್ನ ದೋಣಿ ಮುಂದ ನಿಂದ್ರಿಸಿ ಹೇಳಿಕೊಟ್ಟೀನಿ" ಅಂದ. "ನೀರಿಗೆ ಮೊಣಕೈ ಹಚ್ಚ, ನಿನಗ ಹಿತಾ ಆದ್ರ ಅದಕ್ಕೂ ಹಿತಾ ಅಂತ. ಅಷ್ಟೂ ನೆಪ್ಪ ಉಳೀಲಿಲ್ಲೇನ? ನಂಬಿ ಕೊಟ್ಟಿದ್ನೆವ್ವಾ ನಿನ್ನ ಕೈಯಾಗ."

"ತಪ್ಪಾತಪ್ಪಾ" ಎಂದಳು ಅಕ್ಕ.

ಫೋನು ನನ್ನ ಕೈಯಲ್ಲಿತ್ತು. ಇತ್ತ ಅಪ್ಪ, ಅತ್ತ ಅಕ್ಕ, ನಡುವೆ ನಾನು. ನನ್ನ ಒಂದು ಮಾತು ಸಾಕಿತ್ತು, ಇಬ್ಬರಿಗೂ ಒಮ್ಮೆಗೇ ಕೇಳುತ್ತಿತ್ತು. ನಾನು ಫೋನನ್ನು ಬೀಳದಂತೆ ಗಟ್ಟಿಯಾಗಿ ಹಿಡಿದುಕೊಂಡೆ.

ಫೋನು ಇಟ್ಟ ಮೇಲೆ ಅಪ್ಪ ನನ್ನ ಕಡೆ ತಿರುಗಿದ. "ನೀ ಅಲ್ಲೇ ಇದ್ದೆಲ್ಲೋ ಆವಾಗ. ನೀನರೆ ನೋಡಬೇಕಿಲ್ಲ?"

"ನನಗ ಜಡ್ಡಿತ್ತಪ್ಪಾ" ಅಂದೆ.

ಆ ಮಳೆಗಾಲ ಮುಗಿಯುವ ಮೊದಲೇ ಅಪ್ಪ ತೀರಿಕೊಂಡ.

ಮುಂದಿನ ಚಳಿಗಾಲದಲ್ಲಿ ನಾನು ವಾಡಿಗೆ ಹೋದೆ. ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡೇ ಹೋದದ್ದು. ಆದರೆ ನೇರವಾಗಿ ಅಕ್ಕನಿಗೆ ಹೇಳುವ ಎದೆ ಎಲ್ಲಿಂದ ಬರಬೇಕು? ಮೊದಲು ಆಯಿಯ ಹತ್ತಿರ ಹೋದೆ. ಆಯಿ ಅದೇ ಕಟ್ಟೆಯ ಮೇಲೆ ಬಿಸಿಲು ಕಾಸುತ್ತಿದ್ದಳು.

"ಆಯಿ, ಹ್ವಾದ ವರ್ಷ ಹಂಡೆ ನೀರು ಖಾಲಿ ಮಾಡಿದಾಂವ ನಾನರಿ" ಅಂದೆ.

ಆಯಿ ನನ್ನನ್ನು ನೋಡಲೂ ಇಲ್ಲ. "ನಾಕ ಬಕೀಟ" ಅಂದಳು. "ಕಡೀಕ ಮೂರು. ನನ್ನ ಕಿಂವಿ ಇನ್ನಾ ಗಟ್ಟಿ ಅದಾವಪಾ. ನಿಮಗ ಕೇಳಲಿ ಅಂತನಾ ಇಲ್ಲಿ ಕುಂತು ಆ ಬಡವಿಗೆ ಒದರಿದ್ನಿ. ಪಾವಣ್ಯಾರು ಶಾಣ್ಯಾ ಅದಾರ, ತಿಳಕೊಂತಾರ ಅನಕೊಂಡಿದ್ನಿ."

"ತಿಳದಿತ್ರಿ" ಅಂದೆ. ಎಷ್ಟು ಕಷ್ಟವಾಯಿತು ಆ ಒಂದು ಮಾತಿಗೆ.

ಆಗ ಆಯಿ ನನ್ನ ಕಡೆ ನೋಡಿದಳು. ಬೈಗುಳ ಬರುತ್ತದೆಂದು ಕಾದೆ. ಬಂದಿದ್ದರೆ ಚೆನ್ನಾಗಿತ್ತು. "ನಾನೂ ಬಾಯಿ ಬಿಟ್ಟು ಹೇಳಬೇಕಿತ್ತು" ಅಂದಳು ಮುದುಕಿ. "ರೀತಿ ರಿವಾಜ ಅನಕೊಂತ ಕುಂತ್ನಿ. ಎಮ್ಮಿ ಹೋತು. ಈಗ ನನಗ ಹೇಳಿ ಏನ ಮಾಡ್ತೀರಿ? ಅಕಿಗೆ ಹೇಳ್ರಿ. ಅಕಿ ಇನ್ನಾ ತಾನ ಮಾಡಿದ ತಪ್ಪಂತ ತಿಳಕೊಂಡಾಳ."

ನಾನು ಬೆಚ್ಚಿಬಿದ್ದೆ. ಅಷ್ಟು ದಿನ ನಾನು ತಿಳಿದದ್ದು ಬೇರೆ. ಅಕ್ಕನಿಗೆ ಎಲ್ಲ ಗೊತ್ತಿದೆ, ತಮ್ಮನ ಮರ್ಯಾದೆ ಉಳಿಸಲು ತಾನು ಬೈಸಿಕೊಂಡಳು, ಮನಸ್ಸಿನಲ್ಲಿ ನನ್ನನ್ನು ಎಂದೋ ಕ್ಷಮಿಸಿದ್ದಾಳೆ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡರೆ ನನಗೇ ಹಗುರ. ಆದರೆ ತುಂಬಿದ ಹಂಡೆ ನೋಡಿದವಳಿಗೆ ಅದನ್ನು ಯಾರೋ ಖಾಲಿ ಮಾಡಿ ತುಂಬಿದ್ದಾರೆ ಎಂದು ಹೇಗೆ ಹೊಳೆಯಬೇಕು? ತಮ್ಮನ ಮೇಲೆ ಅನುಮಾನ ಪಡುವುದು ಅವಳಿಗೆ ಗೊತ್ತಿದ್ದರಲ್ಲವೇ?

ಅಕ್ಕ ಹಿತ್ತಲಲ್ಲಿದ್ದಳು. ದೋಣಿಯಲ್ಲಿ ಈಗ ಬಟ್ಟೆ ನೆನೆಹಾಕುತ್ತಾರೆ. ಸೀರೆಯೊಂದನ್ನು ಹಿಂಡುತ್ತಿದ್ದಳು, ಕೈ ಚಳಿಗೆ ಕೆಂಪಾಗಿತ್ತು. ನಾನು ಇನ್ನೊಂದು ತುದಿ ಹಿಡಿದೆ. ಹಿಂಡುತ್ತ ಹಿಂಡುತ್ತ ಹೇಳಿದೆ. ನಾಲ್ಕು ಬಕೆಟ್ಟು, ತುಂಬಿಸಿಟ್ಟ ತಣ್ಣೀರು, ಗೋಡೆಯಾಚೆ ಕೇಳಿದ ಮಾತು, ತಿಳಿದೂ ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದೆ. ಕಾರಣ ಹಸಿ ಕಟ್ಟಿಗೆ ಅಲ್ಲ ಅಕ್ಕ, ನಾನು ಎಂದೆ.

ಅವಳು ಹಿಂಡುವುದನ್ನು ನಿಲ್ಲಿಸಿದಳು. ಸಿಟ್ಟು ಬರಲಿಲ್ಲ ಅವಳಿಗೆ. ಏನೋ ಲೆಕ್ಕ ಹಾಕುವವಳ ಹಾಗೆ ನನ್ನ ಕಡೆ ನೋಡಿದಳು.

"ಇದನ್ನ ಅಪ್ಪಗ ಹೇಳಿದ್ದೇನ?" ಎಂದು ಕೇಳಿದಳು.

"ಇಲ್ಲ."

ಅಕ್ಕ ನನ್ನ ಕೈಯಿಂದ ಸೀರೆಯ ತುದಿಯನ್ನು ಬಿಡಿಸಿಕೊಂಡಳು.

"ಅವತ್ತ ಫೋನಿನ್ಯಾಗ ಬೈದನಲ್ಲ" ಅಂದಳು. "ಅಪ್ಪ ನನ್ನ ಕೂಡ ಮಾತಾಡಿದ್ದು ಅದ ಕಡೀದು, ತಮ್ಮಾ."